ಎರಡು ಬೆರಳು

ಮಾರ್ಚ್ 30, 2023, ಗುರುವಾರ
ಅಥೆನ್ಸ್, ಜಾರ್ಜಿಯಾ

ಇವತ್ತು ರಾಮನವಮಿ. ಈ ದೇಶದ ಡಾಕ್ಟರ್ಸ್ ಡೇ ಕೂಡ ಇವತ್ತೇ. ನಮ್ಮ ಕಡೆ ಅದು ಬಿ.ಸಿ. ರಾಯ್ ಅವರ ಹೆಸರಲ್ಲಿ ಜುಲೈ 1ಕ್ಕೆ ಬರುತ್ತದೆ. ಇಲ್ಲಿ ಮಾರ್ಚ್ 30 ಯಾಕೆ ಅಂದರೆ, 1842ರಲ್ಲಿ ಇದೇ ದಿನ ನಮ್ಮ ಪಕ್ಕದ ಜೆಫರ್ಸನ್‌ನಲ್ಲಿ ಕ್ರಾಫರ್ಡ್ ಲಾಂಗ್ ಅನ್ನುವ 26 ವರ್ಷದ ಡಾಕ್ಟರ್, ಜೇಮ್ಸ್ ವೆನಬಲ್ ಅನ್ನುವವನ ಕತ್ತಿನ ಮೇಲಿದ್ದ ಗಡ್ಡೆಯನ್ನು ಈಥರ್ ಅನ್ನುವ ಮತ್ತು ಬರಿಸುವ ಔಷಧಿ ಕೊಟ್ಟು, ನೋವಾಗದ ಹಾಗೆ ತೆಗೆದ. ಒಂದು ಟವೆಲ್ಲಿಗೆ ಈಥರ್ ಸುರಿದು ಮೂಗಿಗೆ ಹಿಡಿದಿದ್ದು, ಅಷ್ಟೇ. ಎಲ್ಲ ಮುಗಿದ ಮೇಲೂ ವೆನಬಲ್ ನಂಬಲಿಲ್ಲ, ಕತ್ತರಿಸಿದ ಗಡ್ಡೆಯನ್ನು ಕಣ್ಣಿಗೆ ತೋರಿಸಬೇಕಾಯಿತು. ಈಥರ್‌ಗೂ ಆಪರೇಷನ್‌ಗೂ ಸೇರಿ ಎರಡು ಡಾಲರ್ ಅಂತ ಡಾಕ್ಟರ ಲೆಕ್ಕದ ಪುಸ್ತಕದಲ್ಲಿದೆ.

ಹೋದ ಶನಿವಾರ ಅತ್ತೆಯನ್ನು ಜೆಫರ್ಸನ್‌ನ ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದೆವು. ನನ್ನ ಬ್ಲಾಗ್ ಓದುವವರಿಗೆ ಗೊತ್ತು, ಅತ್ತೆ ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಬೇರೆ ಜಾಗಕ್ಕೆ ಕರೆದುಕೊಂಡು ಹೋದರೆ ಕಾಲು ನೋವು ಅಂತ ಬೆಂಚು ಹುಡುಕುವವರು, ಇಲ್ಲಿ ಎಲ್ಲವನ್ನೂ ನಿಂತೇ ನೋಡಿದರು. ಬರುವಾಗ ಕಾರಿನಲ್ಲಿ ಒಂದು ಮಾತೂ ಇಲ್ಲ. ಇವತ್ತು ಪಾನಕಕ್ಕೆ ಬೆಲ್ಲ ಕುಟ್ಟುತ್ತಾ ಇದ್ದಕ್ಕಿದ್ದ ಹಾಗೆ ಶುರು ಮಾಡಿದರು.

"ಆ ಡಾಕ್ಟರ್ ಇಷ್ಟು ದೊಡ್ಡ ವಿಷಯ ಕಂಡುಹಿಡಿದು ಏಳು ವರ್ಷ ಯಾಕಮ್ಮಾ ಸುಮ್ಮನಿದ್ದ?"

ನನಗೆ ತಿಳಿದಷ್ಟು ಹೇಳಿದೆ. ಅವನು ಓದಿದ್ದೇನೋ ಪೆನ್ಸಿಲ್ವೇನಿಯಾ ಯೂನಿವರ್ಸಿಟಿಯಲ್ಲಿ, 1839ರಲ್ಲಿ ಡಿಗ್ರಿ, ಆಮೇಲೆ ಸ್ವಲ್ಪ ಕಾಲ ನ್ಯೂಯಾರ್ಕ್. ವಾಪಸ್ ಬಂದು ಕೂತಿದ್ದು ಮಾತ್ರ ರೈಲು ಇಲ್ಲದ ಈ ಹಳ್ಳಿಯಂಥ ಊರಲ್ಲಿ. ಹಗಲು ರಾತ್ರಿ ಕುದುರೆ ಹತ್ತಿ ಜ್ವರ, ಹೆರಿಗೆ ನೋಡುವ ಕೆಲಸ. ಕತ್ತಿ ಹಿಡಿಯುವ ಕೇಸು ವರ್ಷಕ್ಕೆ ಒಂದೋ ಎರಡೋ. ಆಗ ಮೆಸ್ಮರಿಸಂ ಹುಚ್ಚು ಬೇರೆ, ಕಣ್ಣಲ್ಲಿ ಕಣ್ಣಿಟ್ಟು ನೋವು ಮರೆಸುತ್ತೇವೆ ಅನ್ನುವವರು ಎಲ್ಲ ಕಡೆ ಇದ್ದರು. ನೋವು ಹೋಗಿದ್ದು ನಿಜವಾಗಿ ಈಥರ್‌ನಿಂದಲೋ ಅಥವಾ ರೋಗಿಯ ಭ್ರಮೆಯೋ ಅಂತ ಇವನಿಗೆ ಗಟ್ಟಿ ಮಾಡಿಕೊಳ್ಳಬೇಕಿತ್ತು. ಅಷ್ಟರಲ್ಲಿ 1846ರ ಅಕ್ಟೋಬರ್‌ನಲ್ಲಿ ಬಾಸ್ಟನ್‌ನ ಹಲ್ಲಿನ ಡಾಕ್ಟರ್ ಮಾರ್ಟನ್ ದೊಡ್ಡ ಆಸ್ಪತ್ರೆಯಲ್ಲಿ ಎಲ್ಲರ ಮುಂದೆ ಮಾಡಿ ತೋರಿಸಿಬಿಟ್ಟ, ಪೇಟೆಂಟ್ ಕೂಡ ತೆಗೆದುಕೊಂಡ. ಲಾಂಗ್ ಬರೆದು ಪ್ರಕಟಿಸಿದ್ದು 1849ರಲ್ಲಿ.

"ಗಟ್ಟಿ ಮಾಡಿಕೊಳ್ಳೋಕೆ ಅಂತಾನೇ ಆ ಹುಡುಗನಿಗೆ ಹಾಗೆ ಮಾಡಿದ್ದಾ?" ಅಂದರು ಅತ್ತೆ.

ಆ ಹುಡುಗನ ವಿಷಯ ಅವರಿಗೆ ಹೇಳಿದ್ದು ನಾನೇ. 1845ರಲ್ಲಿ ಒಬ್ಬ ಗುಲಾಮ ಹುಡುಗನ ಎರಡು ಬೆರಳು ಕತ್ತರಿಸಬೇಕಾಗಿ ಬಂತು. ಲಾಂಗ್ ಒಂದನ್ನು ಈಥರ್ ಕೊಟ್ಟು ಕತ್ತರಿಸಿದ, ಇನ್ನೊಂದನ್ನು ಕೊಡದೆ. ಹೋಲಿಸಿ ನೋಡುವುದಕ್ಕೆ. ಒಂದರಲ್ಲಿ ನೋವಾಯಿತು, ಇನ್ನೊಂದರಲ್ಲಿ ಆಗಲಿಲ್ಲ ಅಂತ ತಾನೇ ಬರೆದಿದ್ದಾನೆ. ಪುರಾವೆ ಅಂತ ನೋಡಿದರೆ ಇದಕ್ಕಿಂತ ಗಟ್ಟಿ ಪುರಾವೆ ಇಲ್ಲ. ಒಂದೇ ದೇಹ, ಅದೇ ಡಾಕ್ಟರ್. ಬಿಳಿಯ ಗೆಳೆಯ ವೆನಬಲ್‌ನ ಮೇಲೆ ಈ ಪರೀಕ್ಷೆ ಮಾಡಲು ಅವನಿಗೆ ಮನಸ್ಸು ಬರುತ್ತಿತ್ತಾ? ವೆನಬಲ್ 1842ರ ಜೂನ್‌ನಲ್ಲೇ ಎರಡನೇ ಗಡ್ಡೆ ತೆಗೆಸಿಕೊಳ್ಳಲು ಬಂದಿದ್ದನಲ್ಲ, ಹೋಲಿಸಬೇಕಿದ್ದರೆ ಆಗಲೇ ಹೋಲಿಸಬಹುದಿತ್ತು.

ನನಗೆ ನಿದ್ದೆ ಕೆಡಿಸಿದ್ದು ಇದರ ಮುಂದಿನದು. ಅದೇ 1845ರ ಕೊನೆಗೆ ಲಾಂಗ್‌ನ ಹೆಂಡತಿ ಕ್ಯಾರೊಲಿನ್‌ಗೆ ಹೆರಿಗೆ ಆಯಿತು. 1842ರ ಆಗಸ್ಟಿನಲ್ಲಿ, ಆ ಮೊದಲ ಆಪರೇಷನ್ ಆದ ಕೆಲವೇ ತಿಂಗಳಿಗೆ ಇವರ ಮದುವೆಯಾಗಿತ್ತು. ಆ ಹೆರಿಗೆಗೆ ಅವನು ಹೆಂಡತಿಗೆ ಈಥರ್ ಕೊಟ್ಟ. ಸ್ಕಾಟ್ಲೆಂಡಿನ ಡಾಕ್ಟರ್ ಸಿಂಪ್ಸನ್ ಹೆರಿಗೆಗೆ ಈಥರ್ ಬಳಸಿ ಹೆಸರು ಮಾಡಿದ್ದು 1847ರಲ್ಲಿ, ಅಂದರೆ ಇವನದು ಅದಕ್ಕೂ ಮೊದಲೇ. ಹೆಂಡತಿ ಒದ್ದಾಡುವುದನ್ನು ನೋಡಲಾಗದೆ ಕೊಟ್ಟಿರುತ್ತಾನೆ, ಪ್ರೀತಿ ಇದ್ದವರು ಹಾಗೇ ಅಲ್ವಾ. ಆಗ ಹುಟ್ಟಿದವಳು ಫ್ರಾನ್ಸಿಸ್. ಅಪ್ಪನಿಗೆ ಸಲ್ಲಬೇಕಾದ ಹೆಸರು ಸಲ್ಲಲಿ ಅಂತ ಕೊನೆಗಾಲದವರೆಗೂ ಹೋರಾಡಿ, ಅವನ ಜೀವನಚರಿತ್ರೆಯನ್ನೇ ಬರೆದಳು, ಅದು 1928ರಲ್ಲಿ ಅಚ್ಚಾಯಿತು. ಅವಳು ಹುಟ್ಟಿದ್ದೇ ಅಪ್ಪನ ಪರವಾದ ಒಂದು ಸಾಕ್ಷಿಯಾಗಿ ಅನ್ನಬಹುದು. ಅದೇ ವರ್ಷ ಆ ಹುಡುಗನೂ ಸಾಕ್ಷಿಯೇ.

ಒಂದೇ ವರ್ಷ, ಒಂದೇ ಮನುಷ್ಯ.

ಅವನು ಕ್ರೂರಿ ಅಂತ ಬರೆದು ಕೈತೊಳೆದುಕೊಳ್ಳಲು ಸುಲಭ. ಆದರೆ 1878ರಲ್ಲಿ ಅವನು ಸತ್ತಿದ್ದು ಇದೇ ಅಥೆನ್ಸ್‌ನಲ್ಲಿ, ಯಾರದೋ ಮನೆಯಲ್ಲಿ ಹೆರಿಗೆ ಮಾಡಿಸುತ್ತಿರುವಾಗ ಕುಸಿದುಬಿದ್ದು. ಮೊದಲು ತಾಯಿ ಮಗುವನ್ನು ನೋಡಿ ಅಂದನಂತೆ. ನೋವಿಲ್ಲದ ಆಪರೇಷನ್ ಕಂಡುಹಿಡಿದವನು ನಾನೇ ಅಂತ ಜಗಳಕ್ಕೆ ಬಿದ್ದ ಉಳಿದವರ ಹಾಗೆ ಹುಚ್ಚು ಹಿಡಿಸಿಕೊಳ್ಳಲಿಲ್ಲ. ವೆಲ್ಸ್ ಅನ್ನುವವನು ಜೈಲಿನಲ್ಲಿ ಪ್ರಾಣ ತೆಗೆದುಕೊಂಡ, ಜಾಕ್ಸನ್ ಹುಚ್ಚಾಸ್ಪತ್ರೆಯಲ್ಲಿ ಸತ್ತ. ಇವನು ತಮ್ಮನ ಜೊತೆ ಔಷಧಿ ಅಂಗಡಿ ಇಟ್ಟುಕೊಂಡು, ಕಾಯಿಲೆಯವರನ್ನು ನೋಡಿಕೊಂಡು, 12 ಮಕ್ಕಳ ಸಂಸಾರ ನಡೆಸಿದ. ಓಕೊನಿ ಹಿಲ್ ಸ್ಮಶಾನದಲ್ಲಿ ಅವನ ಸಮಾಧಿ ಇದೆ. ನಾನು ವಾಕಿಂಗ್ ಹೋಗುವುದು ಅಲ್ಲೇ.

ವಾಷಿಂಗ್ಟನ್‌ನ ಕ್ಯಾಪಿಟಲ್‌ನಲ್ಲಿ, ಅಂದರೆ ಇಲ್ಲಿನ ಸಂಸತ್ ಭವನದಲ್ಲಿ, ಪ್ರತಿ ರಾಜ್ಯಕ್ಕೂ ಎರಡೆರಡು ಪ್ರತಿಮೆ ಇಡುತ್ತಾರಲ್ಲ, ಜಾರ್ಜಿಯಾದ ಎರಡರಲ್ಲಿ ಒಂದು ಲಾಂಗ್‌ದು. ಇನ್ನೊಂದು ಅಲೆಕ್ಸಾಂಡರ್ ಸ್ಟೀವನ್ಸ್, ಗುಲಾಮಗಿರಿ ಉಳಿಸಲು ದಕ್ಷಿಣದ ರಾಜ್ಯಗಳು ಕಟ್ಟಿದ ಒಕ್ಕೂಟದ ಉಪಾಧ್ಯಕ್ಷ. ಕಾಲೇಜಿನಲ್ಲಿ ಇಬ್ಬರೂ ಒಂದೇ ರೂಮಿನವರು! ಇದನ್ನು ಓದಿದಾಗ ನಗು ಬಂತು. ಆಮೇಲೆ ಬರಲಿಲ್ಲ.

ಇಷ್ಟನ್ನೂ ಅತ್ತೆಗೆ ಹೇಳಿದೆ. ಕೊನೆಗೆ ಸ್ವಲ್ಪ ಜೋರಾಗಿಯೇ ಹೇಳಿದೆ ಅನಿಸುತ್ತೆ. ಅವರು ಏಲಕ್ಕಿ ಸಿಪ್ಪೆ ಬಿಡಿಸುತ್ತಾ ಕೇಳಿಸಿಕೊಂಡರು.

"ನಾನು ಕೆಲಸಕ್ಕೆ ಸೇರಿದಾಗ ನಮ್ಮಲ್ಲೂ ಈಥರೇ ಇದ್ದಿದ್ದು ಕಣಮ್ಮ. ತಂತಿ ಮಾಸ್ಕ್, ಅದರ ಮೇಲೆ ಗಾಜ್ ಬಟ್ಟೆ, ಹನಿ ಹನಿಯಾಗಿ ಬಿಡೋದು. ಒಂದು ಎರಡು ಎಣಿಸಿ ಅಂತ ಹೇಳ್ತಿದ್ವಿ. ಮಧ್ಯೆ ಕೆಲವರು ಎದ್ದು ಬಯ್ಯೋರು, ಎಂಥೆಂಥ ಮಾತು! ಎಚ್ಚರ ಆದಮೇಲೆ ವಾಂತಿ. ಬೆಂಕಿ ಹತ್ತಿರ ತರೋ ಹಾಗಿಲ್ಲ. ಮನೆಗೆ ಬಂದರೆ ನಿಮ್ಮ ಮಾವ ಸೀರೆ ಮೂಸಿ ಇವತ್ತು ಆಪರೇಷನ್ ಇತ್ತಾ ಅಂತ ಕೇಳೋರು."

ಮಾವನ ಸುದ್ದಿ ಬಂದಾಗ ಅತ್ತೆಯ ಮುಖವೇ ಬೇರೆ. ಅದೇ ಖುಷಿಯಲ್ಲಿ ಮುಂದುವರಿಸಿದರು.

"ಕೆಲವು ಸಲ ಸ್ಟಾಕ್ ಬರ್ತಿರಲಿಲ್ಲ. ಒಂದು ಬಾಟ್ಲಲ್ಲಿ ಅರ್ಧ ಉಳಿದಿರೋದು. ದೊಡ್ಡ ಆಪರೇಷನ್‌ಗೆ ಬೇಕು ಅಂತ ಎತ್ತಿಡ್ತಿದ್ವಿ. ಕುರು, ಕೀವು, ಬೆರಳು ಜಜ್ಜಿಕೊಂಡಿದ್ದು, ಇಂಥದ್ದಕ್ಕೆಲ್ಲ ನಾಲ್ಕು ಜನ ಹಿಡ್ಕೊಳ್ಳಿ ಅಂತ..."

"ಎಲ್ಲರಿಗೂ ಹಾಗೇನಾ ಅತ್ತೆ?"

"ಎಲ್ಲರಿಗೂ ಎಲ್ಲಿ? ದೊಡ್ಡ ಮನೆಯವರು ಬಂದರೆ ಡಾಕ್ಟರೇ ಬಾಟ್ಲು ತೆಗೀರಿ ಅನ್ನೋರು. ಕೇರಿಯಿಂದ ಬಂದವರು ಕೇಳ್ತಾನೂ ಇರಲಿಲ್ಲ. ಕೇಳಬಹುದು ಅಂತ ಅವರಿಗೆ ಯಾರು ಹೇಳಿದ್ದರು?"

ನಿಮ್ಮ ಕೈಯಲ್ಲೂ ಹಿಡಿಸಿದ್ದರಾ, ಯಾರಾದರೂ ನೆನಪಿದ್ದಾರಾ ಅಂತ ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಇವರು ಆಫೀಸಿನಿಂದ ಬಂದರು, ಕೋಸಂಬರಿಗೆ ಒಗ್ಗರಣೆ ಹಾಕಿದ್ದಾಯಿತು, ಪೂಜೆ ಆಯಿತು. ಈಗ ಹತ್ತು ಗಂಟೆ. ಅತ್ತೆ ರೂಮಿನಲ್ಲಿ ದೀಪ ಇನ್ನೂ ಇದೆ. ಹೋಗಿ ಕೇಳೋಣ ಅನಿಸುತ್ತಿದೆ, ಕೇಳಿದರೆ ಅವರು ಹೇಳುತ್ತಾರೆ ಅಂತಲೂ ಗೊತ್ತು, ಅದಕ್ಕೇ