ಟೆಸ್ಟ್ ಪಾಸಾಯಿತು, ಬಗ್ ಹಾಗೇ ಇತ್ತು

ಹಿಂದಿನ ಕೆಲಸದಲ್ಲಿ ಚೆಕ್‌ಔಟ್ ಪೇಜು ನನ್ನ ಪಾಲಿನದಾಗಿತ್ತು. ರಿಯಾಕ್ಟ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯಲ್ಲಿ ಬರೆದದ್ದು. ಒಂದು ಬೆಳಿಗ್ಗೆ ಸಪೋರ್ಟ್‌ನವರು ಸ್ಕ್ರೀನ್‌ಶಾಟ್ ಕಳಿಸಿದರು. ಬಿಲ್ಲಿನಲ್ಲಿ ಕೂಪನ್‌ನ 100 ರೂಪಾಯಿ ಕಳೆದಿದೆ, ಅದರ ಕೆಳಗೇ ಕೆಂಪಕ್ಷರದಲ್ಲಿ 'ಈ ಕೂಪನ್ ನಡೆಯುವುದಿಲ್ಲ' ಅಂತಲೂ ಇದೆ. ಮೊದಲು ತಪ್ಪು ಕೋಡ್ ಹಾಕಿ, ಆಮೇಲೆ ಸರಿಯಾದದ್ದು ಹಾಕಿದರೆ ಹಳೇ ಎರರ್ ಹೋಗುತ್ತಿರಲಿಲ್ಲ.

ತಮಾಷೆ ಅಂದ್ರೆ, ಇದಕ್ಕೇ ಅಂತ ಒಂದು ಟೆಸ್ಟ್ ಇತ್ತು, ಅಂದ್ರೆ ಗ್ರಾಹಕರಂತೆ ಪೇಜನ್ನು ತಾನೇ ಬಳಸಿ ಪರೀಕ್ಷಿಸುವ ಪುಟ್ಟ ಪ್ರೋಗ್ರಾಂ. ಬರೆದವನು ನಾನೇ. ತಪ್ಪು ಕೋಡ್ ಟೈಪ್ ಮಾಡು, ಕ್ಲಿಕ್ ಮಾಡು, ಸರಿ ಕೋಡ್ ಹಾಕು, ಮತ್ತೆ ಕ್ಲಿಕ್, ಎರರ್ ಇಲ್ಲ ತಾನೇ ಅಂತ ನೋಡು. ಯಾವಾಗಲೂ ಪಾಸ್.

ಅನುಮಾನ ಬಂದು ಬಟನ್ನಿನ ಆನ್‌ಕ್ಲಿಕ್ಕನ್ನೇ (ಒತ್ತಿದಾಗ ಆಗಬೇಕಾದ ಕೆಲಸವನ್ನೇ) ತೆಗೆದು ಟೆಸ್ಟ್ ಓಡಿಸಿದೆ. ಆಗಲೂ ಪಾಸ್! ಟೆಸ್ಟಿನ ಕೊನೆಯ ಸಾಲಿಗೆ ಮುಂಚೆ, ಆ ಕ್ಷಣದ ಪೇಜನ್ನು ತೋರಿಸುವ ಸ್ಕ್ರೀನ್ ಡಿಬಗ್ ಹಾಕಿದರೆ ಕೂಪನ್ ಬಾಕ್ಸ್ ಖಾಲಿ. ಒಂದಕ್ಷರವೂ ಟೈಪ್ ಆಗಿರಲಿಲ್ಲ.

ಟೆಸ್ಟಿನಲ್ಲಿ ಟೈಪ್, ಕ್ಲಿಕ್ ಮಾಡಿಸುವ ಯೂಸರ್ ಇವೆಂಟ್ ಲೈಬ್ರರಿಯಲ್ಲಿ 13ನೇ ಆವೃತ್ತಿ ತನಕ ಕ್ಲಿಕ್ ಅಂದ್ರೆ ಆ ಸಾಲಿನಲ್ಲೇ ಕ್ಲಿಕ್. 2022ರಲ್ಲಿ ಬಂದ 14ರಿಂದ ಎಲ್ಲವೂ ಪ್ರಾಮಿಸ್, ಅಂದ್ರೆ 'ಆಮೇಲೆ ಮುಗಿಸುತ್ತೇನೆ' ಅನ್ನುವ ಮಾತು. ಅದು ಮುಗಿಯುವ ತನಕ ಕಾಯಲು ಅವೈಟ್ ಅಂತ ಬರೆಯಬೇಕು. ಹಳೇ ಅಭ್ಯಾಸದಲ್ಲಿ ನಾನು ಹಾಕಿರಲಿಲ್ಲ. ಏನೂ ನಡೆಯುವ ಮೊದಲೇ ನೋಡಿದರೆ ಎರರ್ ಎಲ್ಲಿರುತ್ತೆ? 'ಇದೆಯಾ' ಅಂತ ಕೇಳಿದ್ದರೆ ಅವತ್ತೇ ಸಿಕ್ಕಿಬೀಳುತ್ತಿದ್ದೆ. 'ಇಲ್ವಾ' ಅಂತ ಮಾತ್ರ ಕೇಳಿದ್ದಕ್ಕೆ ಬಚಾವಾದೆ.

ಅವೈಟ್ ಒಂದೇ ಸಾಲದು. ಕ್ಲಿಕ್ ಮುಗಿದರೂ ಸರ್ವರ್‌ನ ಉತ್ತರ ಬಂದಿರಬೇಕು ಅಂತೇನಿಲ್ಲ. 'ಸುಮ್ನೆ ಅರ್ಧ ಸೆಕೆಂಡ್ ಟೈಮ್‌ಔಟ್ ಹಾಕಿಬಿಡೋ' ಅಂದರು ಪಕ್ಕದವರು. ಅದು ನಮ್ಮ ಲ್ಯಾಪ್‌ಟಾಪಿನಲ್ಲಿ ಪಾಸಾಗಿ, ಎಲ್ಲರ ಕೋಡ್ ಸೇರಿಸಿ ಟೆಸ್ಟ್ ಓಡಿಸುವ ಬಿಲ್ಡ್ ಸರ್ವರ್‌ನಲ್ಲಿ ಮನಸ್ಸು ಬಂದಾಗ ಕೈಕೊಡುತ್ತೆ. ಫೈಂಡ್‌ಬೈಟೆಕ್ಸ್ಟ್ ಬಳಸಿದೆ. ಬೇಕಾದ ಪಠ್ಯ ಬರುವ ತನಕ ಅದು ಮತ್ತೆ ಮತ್ತೆ ನೋಡುತ್ತೆ, ನಾವು ಬದಲಾಯಿಸದಿದ್ದರೆ 1000 ಮಿಲಿಸೆಕೆಂಡ್ ತನಕ. ತಪ್ಪು ಕೋಡ್ ಹಾಕಿದ ಮೇಲೆ ಎರರ್ ನಿಜಕ್ಕೂ ಬಂತಾ ಅಂತ ಮೊದಲು ಕಾದೆ. ಸರಿ ಕೋಡ್ ಆದಮೇಲೆ ರಿಯಾಯಿತಿ ಸಾಲಿಗೆ ಕಾದೆ. ಕೊನೆಗೆ, ಕಾಯದೆ ಆ ಕ್ಷಣಕ್ಕೆ ಮಾತ್ರ ನೋಡುವ ಕ್ವೆರಿಬೈಟೆಕ್ಸ್ಟ್ ಹಾಕಿ ಎರರ್ ಹೋಯಿತಾ ಅಂತ ನೋಡಿದೆ.

ಟೆಸ್ಟ್ ಫೇಲಾಯಿತು. ಅಷ್ಟು ಖುಷಿ ಯಾವತ್ತೂ ಆಗಿರಲಿಲ್ಲ. ಕಾಂಪೊನೆಂಟಿನಲ್ಲಿ (ಪೇಜಿನ ಕೂಪನ್ ಭಾಗದ ಕೋಡಿನಲ್ಲಿ) ಎರರ್ ಖಾಲಿ ಮಾಡುವ ಒಂದು ಸಾಲು ಸೇರಿಸಿದೆ, ಪಾಸಾಯಿತು.

ಬಿಟ್ಟುಹೋದ ಅವೈಟ್ ಹಿಡಿಯಲು, ಕೋಡಿನ ತಪ್ಪು ತೋರಿಸುವ ಇಎಸ್‌ಲಿಂಟ್‌ನ ಟೆಸ್ಟಿಂಗ್ ಲೈಬ್ರರಿ ಪ್ಲಗಿನ್‌ನಲ್ಲಿ ಒಂದು ರೂಲ್ ಇದೆ. ಅದೇ ಸಂಜೆ ಆನ್ ಮಾಡಿದೆ. ಫೈಲುಗಳ ತುಂಬ ಕೆಂಪು ಗೆರೆ. ಯಾರು ಬರೆದದ್ದು ಅಂತ ಗಿಟ್‌ನಲ್ಲಿ ನೋಡಿದರೆ, ಜಾಸ್ತಿ ನನ್ನವೇ.