ಬೇಡ್ತಿ ಬ್ಯಾಡ್ಜು, ಗೋಡೆಯ ಕ್ಯಾಲೆಂಡರು

ಶಿರಸಿಯ ಅಡಿಕೆ ವ್ಯಾಪಾರದ ಒಂದು ಖಾಸಗಿ ಕಚೇರಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ನಮ್ಮ ಬೇಡ್ತಿ ಹೊಳೆಯ ನೀರನ್ನು ವರದಾ ನದಿಗೆ ಒಯ್ಯುವ ಬೇಡ್ತಿ–ವರದಾ ನದಿ ಜೋಡಣೆ ಯೋಜನೆ ವಿರೋಧಿಸಿ ಊರಲ್ಲಿ ಸಭೆಗಳು ನಡೆಯುತ್ತಿದ್ದ ಕಾಲ. ಬಿಲ್ ಬರೆಯುವ ಹುಡುಗಿ ಒಂದು ಬೆಳಿಗ್ಗೆ ‘ಬೇಡ್ತಿ ಉಳಿಸಿ’ ಬ್ಯಾಡ್ಜು ಹಾಕಿಕೊಂಡು ಬಂದಳು. ಅವಳ ಅಪ್ಪನ ತೋಟ ಆ ಹೊಳೆಯ ಕಣಿವೆಯಲ್ಲೇ ಇದೆ.

ಮ್ಯಾನೇಜರ್ ಎಲ್ಲರೆದುರೇ ಹೇಳಿದರು: "ತೆಗಿ ಅದನ್ನ. ರಾಜಕೀಯ ಎಲ್ಲ ಗೇಟಿನ ಹೊರಗೆ."

ಅವಳು ಮಾತಾಡದೆ ಪಿನ್ನು ಬಿಚ್ಚಿದಳು. ಎಳೆದ ರಭಸಕ್ಕೆ ದುಪಟ್ಟಾದ ನೂಲು ಕಿತ್ತು ಬಂತು. ಅವಳ ತಲೆಯ ಮೇಲೆ, ಅದೇ ಗೋಡೆಯಲ್ಲಿ, ಒಂದು ಪಕ್ಷದ ಚಿಹ್ನೆ, ಮುಖಂಡರ ಫೋಟೊ ಇರುವ ಕ್ಯಾಲೆಂಡರ್ ನೇತಾಡುತ್ತಿತ್ತು.

ನನಗೆ ತಡೆಯಲಾಗಲಿಲ್ಲ. "ಸರ್, ಹಂಗಾದ್ರೆ ಕ್ಯಾಲೆಂಡರೂ ತೆಗೀಬೇಕಲ್ವಾ?"

"ಅದು ಗಿರಾಕಿ ಕೊಟ್ಟಿದ್ದು ಮಾರಾಯ್ರೇ!"

ಕೌಂಟರಿನಲ್ಲಿ ಪಕ್ಷದ ಚಿಹ್ನೆ ಬೇಡ ಅನ್ನುವುದು ನನಗೂ ಸರಿಯೇ. ಚಾಲಿ, ಅಂದರೆ ಒಣಗಿಸಿ ಸುಲಿದ ಅಡಿಕೆಯ ಮೂಟೆ ತಂದ ರೈತನಿಗೆ ‘ಇವರ ಪಕ್ಷ ಬೇರೆ, ನನಗೆ ದರ ಕಡಿಮೆ ಹಾಕಿದ್ರೇನೋ’ ಅನ್ನುವ ಅನುಮಾನ ಬರಬಾರದು. ಆದರೆ ಬೇಡ್ತಿ ಯಾವ ಪಕ್ಷದ್ದು? ಅಲ್ಲಿ ವಿದ್ಯುತ್ ಯೋಜನೆ ಬಂದಾಗಲೂ ಈ ಕಡೆಯ ಜನ ಎದ್ದು ನಿಂತಿದ್ದರು, 1980ರ ದಶಕದಲ್ಲಿ ಅದು ನಿಂತೂ ಹೋಯಿತು. ಸಭೆಗೆ ಎಲ್ಲ ಪಕ್ಷದವರೂ ಬರುತ್ತಾರೆ. ತನ್ನ ತೋಟದ ನೀರಿನ ಬಗ್ಗೆ ಒಬ್ಬಳು ಹೇಳಿಕೊಂಡರೆ ಅದು ರಾಜಕೀಯ, ಗೋಡೆಯ ಮೇಲಿನ ಮುಖಂಡರು ಬರೀ ತಾರೀಖು ನೋಡಲಿಕ್ಕೆ ಅಂದರೆ ಹೇಗೆ ಒಪ್ಪುವುದು?

ಸರ್ಕಾರಿ ನೌಕರಿ ಸೇರಿದ ಮಾತ್ರಕ್ಕೆ ಮೂಲಭೂತ ಹಕ್ಕು ಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1962ರಲ್ಲೇ, ಕಾಮೇಶ್ವರ ಪ್ರಸಾದ್ ಪ್ರಕರಣದಲ್ಲಿ ಹೇಳಿದೆ. ಸರ್ಕಾರಿ ನೌಕರರು ಪಕ್ಷ ಸೇರುವಂತಿಲ್ಲ, ಅದಕ್ಕೆ ಬರೆದಿಟ್ಟ ನಡತೆ ನಿಯಮವೂ ಇದೆ. ನಮ್ಮಂಥ ಖಾಸಗಿಯವರಿಗೆ ಅಂಥ ನಿಯಮವೂ ಇಲ್ಲ, ಹಕ್ಕು ಕೇಳಲು ಸುಲಭದ ದಾರಿಯೂ ಇಲ್ಲ. ಮಾತಿನ ಸ್ವಾತಂತ್ರ್ಯ ಕೊಡುವ ಸಂವಿಧಾನದ 19ನೇ ವಿಧಿ ಮುಖ್ಯವಾಗಿ ಸರ್ಕಾರದ ಕೈ ಕಟ್ಟುತ್ತದೆ. ನಮ್ಮಲ್ಲಿ ಸಾಹುಕಾರರ ಆ ದಿನದ ಮನಸ್ಸೇ ಕಾನೂನು. ನನಗೆ ಜಾಸ್ತಿ ನೋವಾಗುವುದು ಇದಕ್ಕೇ.

ಮಧ್ಯಾಹ್ನದ ಹೊತ್ತಿಗೆ ಕ್ಯಾಲೆಂಡರ್ ಕೆಳಗಿಳಿಯಿತು. ಬ್ಯಾಡ್ಜನ್ನು ಬ್ಯಾಗಿಗೆ ಹಾಕಿಕೊಳ್ಳಬಹುದು, ಆದರೆ ಊಟದ ಕೋಣೆಯಲ್ಲಿ ಈ ವಿಷಯ ಎತ್ತಬಾರದು ಎಂದರು ಮ್ಯಾನೇಜರ್. ಅದನ್ನು ನಾನು ಒಪ್ಪಲಿಲ್ಲ. ಬುತ್ತಿ ಬಿಚ್ಚಿ ಕೂತಾಗಲೂ ಊರಿನ ಹೊಳೆಯ ಮಾತು ಆಡಬಾರದು ಅಂದರೆ ಮತ್ತೆಲ್ಲಿ ಆಡೋದು? ಏನು ನಡೆಯುತ್ತದೆ, ಏನು ನಡೆಯುವುದಿಲ್ಲ, ಸಾಹುಕಾರರಿಗೂ ಸೇರಿಸಿ ಬರೆದು ಕೊಡಿ ಎಂದು ನಾವಿಬ್ಬರೂ ಸಹಿ ಹಾಕಿ ಅರ್ಜಿ ಕೊಟ್ಟಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ಬರುವವರೆಗೂ ಕೇಳುತ್ತೇವೆ.