ಗೋಡೆ ಪಕ್ಕದ ಸೀಟು

2018ರ ಮಾರ್ಚ್. ಅಯೋವಾ ರಾಜ್ಯದ ಡಿಮಾಯ್ನ್‌ನಲ್ಲಿ ಇನ್ನೂ ಚಳಿ ಬಿಟ್ಟಿರಲಿಲ್ಲ. ಆಫೀಸಿನ ಹಿರಿಯರೊಬ್ಬರು ಎರಡು ಟಿಕೆಟ್ ಕೈಗಿಟ್ಟು, "ಮಗನನ್ನು ಕರ್ಕೊಂಡು ಹೋಗು. ಗೋಡೆ ಪಕ್ಕದ ಸೀಟು, ಪಾಪ್‌ಕಾರ್ನ್ ಹುಷಾರು" ಅಂದರು. ಅಯೋವಾ ಬಾರ್ನ್‌ಸ್ಟಾರ್ಮರ್ಸ್ ತಂಡದ ಮ್ಯಾಚ್. ಇಂಡೋರ್ ಫುಟ್‌ಬಾಲ್ ಅಂದರೆ ಏನು ಅಂತ ನನಗೆ ಗೊತ್ತಿರಲಿಲ್ಲ. ದೊಡ್ಡ ಅಮೆರಿಕನ್ ಫುಟ್‌ಬಾಲೇ ಅರ್ಥವಾಗದವನಿಗೆ ಇದೆಲ್ಲಿ? ಮನೆಯಲ್ಲಿ ಸುಮ್ನೆ ಕೂರೋದಕ್ಕಿಂತ ವಾಸಿ ಅಂತ ಹೊರಟೆವು. ಪೇಟೆಯ ಕಟ್ಟಡಗಳನ್ನು ಜೋಡಿಸೋ ಸ್ಕೈವಾಕ್‌ನಲ್ಲೇ ಅರೀನಾವರೆಗೂ ಹೋಗಬಹುದು, ಸ್ವೆಟರ್ ಸಾಕು.

ಆಗ ವೆಲ್ಸ್ ಫಾರ್ಗೋ ಅರೀನಾ ಅನ್ನುತ್ತಿದ್ದ, ಈಗ ಕೇಸೀಸ್ ಸೆಂಟರ್ ಆಗಿರುವ ಆ ಅರೀನಾದಲ್ಲಿ ಚಳಿಗಾಲದಲ್ಲಿ ಮಂಜುಗಡ್ಡೆ ಮೇಲಿನ ಹಾಕಿ ಆಟ ಆಡುತ್ತಾರೆ. ಅದೇ ಜಾಗದಲ್ಲಿ ಹಸಿರು ಹಾಸು ಹಾಸಿದರೆ ಫುಟ್‌ಬಾಲ್ ಅಂಗಳ. ಉದ್ದ 50 ಗಜ, ಅಂದರೆ ದೊಡ್ಡ ಮೈದಾನದ ಅರ್ಧ. ಅಗಲವೂ ಹೆಚ್ಚುಕಮ್ಮಿ ಅರ್ಧವೇ. ಒಂದೊಂದು ಕಡೆ ಹನ್ನೊಂದು ಜನರ ಬದಲು ಎಂಟು. ಚೆಂಡನ್ನು ಒದ್ದು ಎದುರಾಳಿಗೆ ಬಿಟ್ಟುಕೊಡೋ 'ಪಂಟ್' ಇಲ್ಲಿಲ್ಲ. ಹಾಗಾಗಿ ಅಂಕಗಳು ಬ್ಯಾಸ್ಕೆಟ್‌ಬಾಲ್ ಥರ ಏರುತ್ತಾ ಹೋಗುತ್ತವೆ. ಸುತ್ತ ಗೆರೆಯ ಬದಲು ಸೊಂಟದೆತ್ತರದ ಗೋಡೆ. ಅದಕ್ಕೆ ಪ್ಯಾಡ್ ಕಟ್ಟಿರುತ್ತಾರೆ. ಆ ಗೋಡೆಯ ಈಚೆಗೇ ನಮ್ಮ ಮೊಣಕಾಲು.

ಹತ್ತು ನಿಮಿಷ ಆಗಿರಬಹುದು. ಚೆಂಡು ಹಿಡಿಯಲು ಹಾರಿದವನೊಬ್ಬ ನೇರ ನಮ್ಮ ಮುಂದಿನ ಗೋಡೆಗೆ ಬಡಿದ. ಧಡ್ ಅಂತ ಸದ್ದು. ಅರ್ಧ ದೇಹ ಈಚೆ, ಅರ್ಧ ಆಚೆ. ಪಾಪ್‌ಕಾರ್ನ್ ಹೋಯಿತು. ಹೆಲ್ಮೆಟ್ ಒಳಗಿಂದ ಬುಸುಬುಸು ಉಸಿರು, ಮೊಣಕೈಯಲ್ಲಿ ಕಿತ್ತುಹೋದ ಚರ್ಮ. "ಸಾರಿ ಸರ್" ಅಂದವನೇ ಎದ್ದು ಓಡಿದ! ಐದು ವರ್ಷದ ಮಗ ಬಿಳಿಚಿಕೊಂಡಿದ್ದ. "ಅದು ಹಾಸಿಗೆ ಥರ ಮೆತ್ತಗಿರುತ್ತೆ ಕಣೋ, ನೋವಾಗಲ್ಲ" ಅಂದೆ. ನಂಬಿದ.

ಅಲ್ಲಿಂದ ಆ ಸೀಸನ್ ನಮ್ಮನ್ನು ಹಿಡಿದುಕೊಂಡಿತು. ಲೀಗ್‌ನಲ್ಲಿ ಇದ್ದದ್ದೇ ಆರು ತಂಡ. ತಿರುಗಾಮುರುಗಾ ಅವರವರೇ ಆಡಬೇಕು, ಹಾಗಾಗಿ ಹಳೇ ಸೇಡುಗಳು ಜಾಸ್ತಿ. ಚೆಂಡೆಸೆದು ಆಟ ನಡೆಸೋ ನಮ್ಮ ಕ್ವಾರ್ಟರ್‌ಬ್ಯಾಕ್ ಡೇಕ್ವಾನ್ ನೀಲ್ ಕೈಯಲ್ಲಿ ಚೆಂಡಿದ್ದರೆ ಎಸೆಯುತ್ತಾನೋ ತಾನೇ ಓಡುತ್ತಾನೋ ಯಾರಿಗೂ ತಿಳಿಯುತ್ತಿರಲಿಲ್ಲ. ಇಕ್ಕಟ್ಟು ಅಂಗಳ, ನುಗ್ಗೋದು, ನುಣುಚಿಕೊಳ್ಳೋದು, ಕಾಲು ಹಿಡಿದು ಕೆಡವೋದು. ನನಗಂತೂ ಕಬಡ್ಡಿಯೇ ಕಂಡದ್ದು. ದೊಡ್ಡ ಫುಟ್‌ಬಾಲ್ ಇವತ್ತಿಗೂ ನನಗೆ ನಿಂತುನಿಂತು ಆಡೋ ಆಟ ಅನ್ನಿಸುತ್ತದೆ. ಸ್ನೇಹಿತರು ಬೈಯುತ್ತಾರೆ, ಬೈಯಲಿ.

ಟಿಕೆಟ್ ಕೊಟ್ಟ ಹಿರಿಯರ ಹತ್ತಿರ ಇದ್ದದ್ದು ಒಂದೇ ಕಥೆ, ಕರ್ಟ್ ವಾರ್ನರ್‌ದು. 1994ರಲ್ಲಿ ದೊಡ್ಡ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ತಂಡವೊಂದು ಬೇಡ ಅಂದಮೇಲೆ ಆತ ಹೈವೀ ಅಂಗಡಿಯಲ್ಲಿ ರಾತ್ರಿ ಪಾಳಿಯಲ್ಲಿ ಸಾಮಾನು ಜೋಡಿಸುತ್ತಿದ್ದ. ಗಂಟೆಗೆ ಐದೂವರೆ ಡಾಲರ್. ಮರುವರ್ಷ ಬಾರ್ನ್‌ಸ್ಟಾರ್ಮರ್ಸ್ ಸೇರಿ ಮೂರು ಸೀಸನ್ ಆಡಿದ. 2000ದ ಜನವರಿಯಲ್ಲಿ ಅದೇ ದೊಡ್ಡ ಲೀಗ್‌ನ ಫೈನಲ್, ಸೂಪರ್ ಬೌಲ್ ಗೆದ್ದ. ಈ ಕಥೆ ಕೇಳಿದಮೇಲೆ ಹೈವೀಯಲ್ಲಿ ಕೊತ್ತಂಬರಿ ಸೊಪ್ಪು ಆರಿಸುವಾಗ ಡಬ್ಬ ಜೋಡಿಸೋ ಹುಡುಗರ ಭುಜ ನೋಡೋದು ಅಭ್ಯಾಸವಾಯಿತು. ಆದರೆ ಎಲ್ಲರೂ ವಾರ್ನರ್ ಆಗಲ್ಲ, ಅಲ್ವಾ? ಮ್ಯಾಚ್ ಮುಗಿದಮೇಲೆ ಆಟಗಾರರು ಅಂಗಳದಲ್ಲೇ ನಿಂತು ಸಹಿ ಹಾಕಿಕೊಡುತ್ತಾರೆ. ಒಮ್ಮೆ ಒಬ್ಬ ಕೈಗೆ ಐಸ್ ಕಟ್ಟಿಕೊಂಡೇ ಮಗನ ಟೋಪಿಗೆ ಸಹಿ ಹಾಕಿದ. ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕು ಅಂದ. ನನಗೂ ಹೋಗಬೇಕಿತ್ತು, ಆದರೆ ನನ್ನ ಮೈಕೈ ನೆಟ್ಟಗಿತ್ತು.

ಜುಲೈ 7, ಶನಿವಾರ. ಫೈನಲ್ ನಮ್ಮೂರಲ್ಲೇ. ಎದುರಾಳಿ ಸೂ ಫಾಲ್ಸ್ ಸ್ಟಾರ್ಮ್, 2011ರಿಂದ 2016ರವರೆಗೆ ಸತತ ಆರು ಸಲ ಕಪ್ ಹೊತ್ತವರು. ಈ ಸಲ ಹೆಂಡತಿಯೂ ಬಂದಿದ್ದಳು. ಮೊದಲರ್ಧ ಫೋನ್ ನೋಡುತ್ತಿದ್ದವಳು ಕೊನೇ ಕ್ವಾರ್ಟರ್‌ಗೆ ಎದ್ದು ನಿಂತಿದ್ದಳು. ಆಗಲೇ ಮಗ ನನ್ನ ಅಂಗಿ ಎಳೆದ. "ಅಪ್ಪಾ, ಅರ್ಜೆಂಟ್."

ಶೌಚಾಲಯದ ಕೈತೊಳೆಯೋ ತೊಟ್ಟಿಯ ಮುಂದೆ ನಿಂತಿದ್ದೆವು. ತಲೆ ಮೇಲಿನ ಛಾವಣಿಯೇ ಗುಡುಗಿದಂತೆ ಕೂಗು. ಒದ್ದೆ ಕೈಯಲ್ಲೇ ಮಗನನ್ನು ಎತ್ತಿಕೊಂಡು ಓಡಿದೆ. ಹೋಗಿ ನೋಡಿದರೆ ಗಡಿಯಾರ ನಿಂತಿತ್ತು. 69–68, ನಮ್ಮದೇ. ಒಂದು ಅಂಕದ ಗೆಲುವು! "ಎಲ್ಲಿ ಹೋಗಿದ್ರಿ ರೀ!" ಅಂತ ಹೆಂಡತಿ ಕಿರುಚಿದಳು. ಗಂಟಲು ಒಡೆದಿತ್ತು. ಏನಾಯಿತು ಅಂತ ಹೇಳು ಅಂದರೆ "ಅಯ್ಯೋ, ಹೇಳೋಕಾಗಲ್ಲ" ಅಂತ ಕೈ ಬೀಸಿದಳು.

ಜನರ ಜೊತೆ ನಾವೂ ಅಂಗಳಕ್ಕಿಳಿದೆವು. ಮಗ ಒಂದು ಉಸಿರಲ್ಲಿ ಓಡಿಹೋಗಿ, ಆಟಗಾರರ ಹಾಗೆಯೇ ಭುಜ ಕೊಟ್ಟು ಗೋಡೆಗೆ ಬಡಿದುಕೊಂಡ. ಭುಜ ಉಜ್ಜಿಕೊಳ್ಳುತ್ತಾ ವಾಪಸ್ ಬಂದ. ಕಣ್ಣಲ್ಲಿ ನೀರು.

"ಮೆತ್ತಗಿರುತ್ತೆ ಅಂದಿದ್ದೆ ನೀನು."